ಮೇಸ್ತ್ರಿ ಊಟ ಬಿಟ್ಟ ದಿನಗಳು

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಕಂಡೆನ್ಸರಣ್ಣ ಎಂದು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದು ಅಂಗಡಿಯ ಬೋರ್ಡಿನ ಮೇಲೂ ಮಾಸಿಹೋಗಿ ಯಾರಿಗೂ ಬೇಡವಾಗಿತ್ತು. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಅಜ್ಜನ ಕಾಲದ ರೇಡಿಯೊ, ಏನೇ ತಂದು ಅವನ ಮುಂದಿಡಿ. ತಿರುಗಿಸಿ ನೋಡುತ್ತಾನೆ, ಮೂಸುತ್ತಾನೆ, ಬೆರಳಿನಿಂದ ತಟ್ಟುತ್ತಾನೆ, ಆಮೇಲೆ "ಕಂಡೆನ್ಸರ್ ಹೋಗಿದೆ" ಎನ್ನುತ್ತಾನೆ. ಎಷ್ಟೋ ಸಲ ನಿಜವಾಗಿಯೂ ಅದೇ ಹೋಗಿರುತ್ತಿತ್ತು. ಉಳಿದ ಸಲ ಏನು ಹೋಗಿದೆ ಎಂದು ಅವನಿಗೂ ಗೊತ್ತಿರುತ್ತಿರಲಿಲ್ಲ. ಗಿರಾಕಿಯ ಮುಂದೆ ಬಾಯಿ ಬಿಟ್ಟು ಹಾಗೆ ಹೇಳುವುದುಂಟೆ? ಕಂಡೆನ್ಸರೇ ಇಲ್ಲದ ಇಸ್ತ್ರಿಪೆಟ್ಟಿಗೆಗೂ ಒಮ್ಮೆ ಅದೇ ಮಾತು ಹೇಳಿ, ಎದುರು ಮನೆಯ ದರ್ಜಿಯ ಕೈಗೆ ಸಿಕ್ಕಿಬಿದ್ದಿದ್ದ. ಹೆಸರು ಅಂಟಿಕೊಂಡದ್ದು ಆವತ್ತೇ.

ಹಾಗಂತ ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ. ಅವನದೊಂದು ಕ್ರಮವಿತ್ತು. ದೋಷ ಕಣ್ಣಿಗೆ ಬೀಳದ ಯಂತ್ರ ಬಂದರೆ ಒಂದು ಸಲಕ್ಕೆ ಒಂದೇ ಭಾಗ ತೆಗೆಯುತ್ತಿದ್ದ. ಓಡಿಸಿ ನೋಡುತ್ತಿದ್ದ. ಸರಿಹೋಗದಿದ್ದರೆ ಮುಂದಿನದಕ್ಕೆ ಕೈ ಹಾಕುತ್ತಿದ್ದ. ಎರಡನ್ನು ಒಟ್ಟಿಗೆ ತೆಗೆದರೆ ಕಳ್ಳ ಯಾವುದೆಂದು ಕಡೆಗೂ ತಿಳಿಯುವುದಿಲ್ಲ ಎಂಬುದು ಅವನ ವಾದ. ಈ ಕ್ರಮಕ್ಕೆ ಅವನು ಕೊಡುತ್ತಿದ್ದ ಮರ್ಯಾದೆಯನ್ನು ಹೆಂಡತಿಗೂ ಕೊಟ್ಟವನಲ್ಲ ಎಂದು ಹೆಂಡತಿಯೇ ಹೇಳುತ್ತಿದ್ದಳು.

ಹೆಂಡತಿ ಬಸ್ ಕಂಡಕ್ಟರ್. ದಿನವಿಡೀ ನೂರಾರು ಜನರನ್ನು ಹಿಂದಕ್ಕೆ ಮುಂದಕ್ಕೆ ತಳ್ಳಿ ಬಂದವಳಿಗೆ ಮನೆಯಲ್ಲಿ ದನಿ ಇಳಿಸುವುದು ನೆನಪಿರುತ್ತಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ: ಒಂದು ನಡುಕೋಣೆ, ಒಂದು ಮಲಗುವ ಕೋಣೆ, ಕಿಟಕಿಯ ಪಕ್ಕದಲ್ಲಿ ಅವಳ ಅಮ್ಮನ ಮಂಚ. ಗಂಡ ತೀರಿಕೊಂಡ ಮೇಲೆ ಅತ್ತೆ ಬಂದು ಇವರ ಜೊತೆಗೇ ನಿಂತಿದ್ದಳು. ಮಂಡಿನೋವಿನ ಹೆಂಗಸು. ಬಾಯಿ ಕಡಿಮೆ, ಕಣ್ಣು ಚುರುಕು.

ಇವರೆಲ್ಲರ ಮೇಲೆ ಒಬ್ಬ ಇದ್ದ, ಮೇಸ್ತ್ರಿ. ಯಾರೋ ರಿಪೇರಿಗೆ ಬಿಟ್ಟು ಮರೆತುಹೋದ ವಾಷಿಂಗ್ ಮಷೀನಿನೊಳಗೆ ಸಿಕ್ಕಿದ್ದ ಬೂದುಬಣ್ಣದ ಮರಿ, ಬೆಳೆದು ತೂಕದ ಗಂಡುಬೆಕ್ಕಾಗಿತ್ತು. ಅಂಗಡಿಯ ಮೇಜಿನ ಮೇಲೆ ಮುಂಗಾಲು ಮಡಚಿ ಕುಳಿತು ಕಂಡೆನ್ಸರಣ್ಣನ ಕೆಲಸವನ್ನು ಅರೆಗಣ್ಣಿನಲ್ಲಿ ಗಮನಿಸುವುದು, ಸ್ಕ್ರೂ ಕೆಳಗೆ ಬಿದ್ದರೆ ಅದನ್ನು ಇನ್ನೂ ದೂರಕ್ಕೆ ಒದೆಯುವುದು, ತಾನು ಮಾತ್ರ ಒಂದು ಕಡ್ಡಿಯನ್ನೂ ಎತ್ತಿಡದಿರುವುದು. ಮೇಸ್ತ್ರಿ ಎನ್ನದೆ ಇನ್ನೇನು ಅನ್ನಬೇಕು? ಬೆಳಗಿನ ಹೊತ್ತು ಅಂಗಡಿ, ಮಧ್ಯಾಹ್ನ ಅತ್ತೆಯ ಮಡಿಲು, ಸಂಜೆ ಕಂಡಕ್ಟರಮ್ಮನ ಚರ್ಮದ ಚೀಲ. ಮಕ್ಕಳಿಲ್ಲದ ಆ ಮನೆಯಲ್ಲಿ ಮೂರು ದೊಡ್ಡವರು ಒಬ್ಬರಿಗೊಬ್ಬರು ಹೇಳಲಾಗದ್ದನ್ನೆಲ್ಲ ಅವನಿಗೆ ಹೇಳುತ್ತಿದ್ದರು.

ಅಂಥ ಮೇಸ್ತ್ರಿ ಒಂದು ದಿನ ತಟ್ಟೆಯನ್ನು ಮೂಸಿ ಮುಖ ತಿರುಗಿಸಿದ. ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅವನ ಠೀವಿಗೆ ಅದು ಹೊಸತೇನಲ್ಲ. ಮರುದಿನವೂ ಹಾಗೇ. ಅದರ ಮರುದಿನ ಮೇಜಿನ ಮೇಲೆ ಹಾರಲು ಹೋಗಿ ಅರ್ಧದಲ್ಲೇ ಬಿದ್ದ. ಬಿದ್ದವನು ನಾಚಿಕೊಂಡವನಂತೆ ಮಂಚದ ಅಡಿಗೆ ಹೋಗಿ ಮಲಗಿದ, ಕರೆದರೆ ಬರಲಿಲ್ಲ. ಬೆನ್ನು ಸವರಿದ ಕಂಡೆನ್ಸರಣ್ಣನ ಕೈಗೆ ಮೂಳೆಗಳು ತಗುಲಿದವು.

ಪ್ರಾಣಿಗಳ ಆಸ್ಪತ್ರೆ ಬಸ್ ಡಿಪೋದ ಹಿಂದಿತ್ತು. ಅಲ್ಲಿಯ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮುಂಗೈ ತುಂಬ ಪರಚಿದ ಗೆರೆಗಳು. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ತನ್ನ ಅಂಗೈಯಲ್ಲಿ ಬಿಸಿ ಮಾಡಿಕೊಂಡು ಆಮೇಲೆ ಮೇಸ್ತ್ರಿಯ ಎದೆಗೆ ಇಟ್ಟಳು. ಆಗ ನಡೆದದ್ದು ನೋಡಿ. ಮನೆಯಲ್ಲಿ ಕತ್ತು ಎತ್ತಲಾಗದೆ ಬಿದ್ದಿದ್ದ ಮೇಸ್ತ್ರಿ ಎದ್ದು ಕುಳಿತ, ಬಾಲ ನಿಮಿರಿಸಿದ, ಪಕ್ಕದ ಬೆಂಚಿನಲ್ಲಿದ್ದ ನಾಯಿಗೆ ಬಾಯಿಗೆ ಬಂದಂತೆ ಬೈದ.

"ಚೆನ್ನಾಗೇ ಇದ್ದಾನಲ್ಲ!" ಎಂದಳು ಡಾಕ್ಟರಮ್ಮ.

"ಇಲ್ಲ ಮೇಡಂ, ಮನೇಲಿ ಹೀಗಿಲ್ಲ. ಮನೇಲಿ ಎದ್ದೇಳೋದೇ ಇಲ್ಲ," ಎಂದು ಹೇಳುವಾಗ ಕಂಡೆನ್ಸರಣ್ಣನಿಗೆ ತನ್ನ ಗಿರಾಕಿಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದರು. ಮನೆಯಲ್ಲಿ ಓಡದ ಮಿಕ್ಸಿ ಅವನ ಮೇಜಿನ ಮೇಲೆ ಗುಂಯ್ ಎಂದಾಗ ಅವರೂ ಹೀಗೇ ತಡವರಿಸಿದ್ದರು. ಅವನು ನಕ್ಕು ಕಳಿಸಿದ್ದ.

ಡಾಕ್ಟರಮ್ಮ ನಗಲಿಲ್ಲ. ರಕ್ತ ನೋಡಿದಳು, ಎಕ್ಸ್‌ರೇ ತೆಗೆದಳು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದಳು. ಎಲ್ಲವೂ ನಾರ್ಮಲ್. ಮೇಸ್ತ್ರಿ ಮಾತ್ರ ಇಳಿಯುತ್ತಲೇ ಹೋದ. ಕಡೆಗೆ ಒಂದು ಮಧ್ಯಾಹ್ನ ಅವಳು ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು, "ನಿಜ ಹೇಳ್ತೀನಿ, ಇವನಿಗೆ ಏನಾಗಿದೆ ಅಂತ ನನಗೆ ಗೊತ್ತಾಗ್ತಿಲ್ಲ," ಎಂದಳು.

ಕಂಡೆನ್ಸರಣ್ಣನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಓದಿ, ಇಷ್ಟು ಯಂತ್ರ ಇಟ್ಟುಕೊಂಡು ಇದೇನು ಮಾತು? ಅವಳು ಅಷ್ಟಕ್ಕೇ ಬಿಟ್ಟಿದ್ದರೆ ಜಗಳವನ್ನೇ ಆಡಿಬಿಡುತ್ತಿದ್ದನೇನೋ. "ಗೊತ್ತಾಗೋವರೆಗೂ ದಿನಾ ಕರ್ಕೊಂಡು ಬನ್ನಿ," ಎಂದಳು. "ಡ್ರಿಪ್ ಹಾಕ್ತೀನಿ, ಹಸಿವಿಗೆ ಮದ್ದು ಕೊಡ್ತೀನಿ. ಬಾಯಾರಿಕೆಯಿಂದ ಮಾತ್ರ ಇವನನ್ನ ಹೋಗೋಕೆ ಬಿಡಲ್ಲ. ಹೊಟ್ಟೆ ತೆರೆದು ನೋಡೋ ದಾರಿ ಒಂದಿದೆ, ಆದರೆ ಈ ತೂಕದಲ್ಲಿ ಅರಿವಳಿಕೆ ತಡ್ಕೊಳ್ಳೋದು ಕಷ್ಟ. ಅದು ಕಡೇ ಮಾತು."

ತೆರೆದು ನೋಡುವುದು ಕಂಡೆನ್ಸರಣ್ಣನ ದಿನನಿತ್ಯದ ಕೆಲಸ. ಆದರೆ ಆ ಮಾತು ಮೇಸ್ತ್ರಿಯ ಮೇಲೆ ಬಿದ್ದಾಗ ಅವನು ಬೆಕ್ಕಿನ ಹೊಟ್ಟೆಗೆ ಅಂಗೈ ಅಡ್ಡ ಹಿಡಿದ.

ಸುದ್ದಿ ಬೀದಿಗೆಲ್ಲ ಹಬ್ಬಿತು. ನೋಡಲು ಬಂದವರು ಬರಿಗೈಯಲ್ಲಿ ಬಂದರೂ ಬರಿಬಾಯಲ್ಲಿ ಬರಲಿಲ್ಲ. ನಲ್ಲಿ ರಿಪೇರಿಯವನು ಎಲ್ಲೋ ಬ್ಲಾಕ್ ಆಗಿದೆ ಎಂದ. ದರ್ಜಿ ದಾರ ನುಂಗಿರಬೇಕೆಂದು ತನ್ನ ಅಂಗಡಿಯ ನೆಲವನ್ನೆಲ್ಲ ಹುಡುಕಿ ಬಂದ. ಮೂಲೆಮನೆಯ ಕನ್ನಡಕದಂಗಡಿಯವನು ದೃಷ್ಟಿ ಮಂದವಾಗಿದ್ದರೆ ತಟ್ಟೆ ಕಾಣುವುದಿಲ್ಲವಲ್ಲ ಎಂದು ಟಾರ್ಚ್ ಬಿಟ್ಟು ನೋಡಿದ. ಕಂಡೆನ್ಸರಣ್ಣ ಎಲ್ಲರಿಗೂ ಹೂಂಗುಟ್ಟುತ್ತಿದ್ದ, ಒಳಗೊಳಗೇ ಕುದಿಯುತ್ತಿದ್ದ. ಕ್ರಮವಿಲ್ಲದ ಜನ. ಇದಕ್ಕೆಲ್ಲ ಒಂದು ಕ್ರಮ ಬೇಕು.

ಹಾಗೆ ಶುರುವಾಯಿತು ನೋಡಿ. ದೋಷ ಬೆಕ್ಕಿನೊಳಗೆ ಕಾಣದಿದ್ದರೆ ಮನೆಯಲ್ಲೇ ಇರಬೇಕು, ಒಂದೊಂದಾಗಿ ತೆಗೆದು ನೋಡೋಣ ಎಂದು ಹೊರಟ. ಮೊದಲು ನೆಲ ಒರೆಸುವ ಫಿನಾಯಿಲ್ ಹೋಯಿತು. ಗುಣ ಕಾಣಲಿಲ್ಲ. ಕಿಟಕಿಯ ಹೂಕುಂಡಗಳು ದರ್ಜಿಯ ಜಗಲಿಗೆ ಹೋದವು. ನಡುಕೋಣೆಯ ಜಮಖಾನ ಹೋಯಿತು, ಪರದೆಗಳು ಹೋದವು. ಕಂಡಕ್ಟರಮ್ಮನ ಚರ್ಮದ ಚೀಲ ಇನ್ನು ಮೇಲೆ ಡಿಪೋದಲ್ಲೇ ಇರಬೇಕೆಂದಾಯಿತು. ಬೆಸುಗೆಯ ಹೊಗೆ ಬೇಡವೆಂದು ಅವನು ತನ್ನ ಸೋಲ್ಡರಿಂಗ್ ಕೆಲಸವನ್ನೇ ನಿಲ್ಲಿಸಿದ. ಆಮೇಲೆ ಅತ್ತೆಯ ಮಂಡಿಗೆ ಹಚ್ಚುವ ಮುಲಾಮಿನ ಡಬ್ಬಿ, ಅದರ ವಾಸನೆ ಹಿಡಿದಿದ್ದ ಅವಳ ಉಣ್ಣೆಯ ಶಾಲು. ಅತ್ತೆ ಎರಡನ್ನೂ ತಾನೇ ಕಾಗದದಲ್ಲಿ ಸುತ್ತಿ ಕೊಟ್ಟಳು. ಮಂಡಿ ಹಿಡಿದುಕೊಂಡು ನಡೆಯತೊಡಗಿದಳು.

ಮನೆ ಖಾಲಿಯಾಗಿ ಮಾತಾಡಿದರೆ ಗೋಡೆ ತಿರುಗಿ ಮಾತಾಡುವಂತಾಯಿತು. ಮೇಸ್ತ್ರಿ ಮಾತ್ರ ಅದೇ ಮಂಚದಡಿ. ಇನ್ನು ತೆಗೆಯಲು ಏನುಳಿದಿದೆ ಎಂದು ಕಂಡೆನ್ಸರಣ್ಣ ನಡುಕೋಣೆಯಲ್ಲಿ ನಿಂತು ಸುತ್ತ ಕಣ್ಣಾಡಿಸಿದ. ಕಣ್ಣು ಹೋಗಿ ಅತ್ತೆಯ ಮೇಲೆ ನಿಂತಿತು.

"ಅತ್ತೆ," ಎಂದ. "ನಿಮ್ಮ ಕಿರಿಮಗಳ ಮನೆಗೆ ಹೋಗಿ ಬಹಳ ದಿನ ಆಯ್ತಲ್ವಾ?"

ಅತ್ತೆ ಅವನನ್ನು ಒಂದು ಗಳಿಗೆ ನೋಡಿದಳು. "ನನ್ನ ಸರದಿ ಬಂತಾ ಅಳಿಯಂದ್ರೆ?" ಎಂದಳು.

ಅವನು ನೆಲ ನೋಡಿದ. ಮಧ್ಯಾಹ್ನವೆಲ್ಲ ಅವಳ ಮಡಿಲಲ್ಲೇ ಅಲ್ಲವೇ ಇರುತ್ತಿದ್ದುದು, ಅವಳ ಮಾತ್ರೆಗಳು, ಅವಳ ಪೌಡರು, ಎಂದು ಏನೇನೋ ಒದರಿದ. "ಒಂದೆರಡು ದಿನ ಅಷ್ಟೇ, ನೋಡೋಕೆ," ಎಂದ.

"ನಾನು ಹೋದ್ರೆ ಅವನು ಊಟ ಮಾಡ್ತಾನೆ ಅಂದ್ರೆ ಹೋಗ್ತೀನಪ್ಪ, ಅದಕ್ಕೇನು," ಎಂದಳು ಅತ್ತೆ. ಮಂಚದಡಿ ಬಗ್ಗಿ ನೋಡಲು ಮಂಡಿ ಬಿಡಲಿಲ್ಲ. ನಿಂತಲ್ಲಿಂದಲೇ "ಬರ್ತೀನೋ ಮೇಸ್ತ್ರಿ" ಎಂದು ಬ್ಯಾಗು ಹಿಡಿದು ಆಟೊ ಹತ್ತಿದಳು.

ಸಂಜೆ ಬಂದ ಕಂಡಕ್ಟರಮ್ಮನ ಕೂಗಿಗೆ ಎದುರು ಮನೆಯ ಹೊಲಿಗೆ ಯಂತ್ರ ನಿಂತಿತು. "ನಮ್ಮಮ್ಮ ಏನು ನಿಮ್ಮ ಮಿಕ್ಸಿಯ ಬ್ಲೇಡಾ ರೀ, ಬಿಚ್ಚಿ ಪಕ್ಕಕ್ಕಿಡೋಕೆ? ನಾಳೆ ನನ್ನನ್ನೂ ಇಳಿಸ್ತೀರಾ, ಮುಂದಿನ ಸ್ಟಾಪಲ್ಲಿ?" ಕೂಗಿ ಕೂಗಿ ಸುಸ್ತಾದ ಮೇಲೆ ಮಂಚದಡಿ ಕೈ ಚಾಚಿ ಮೇಸ್ತ್ರಿಯ ತಲೆ ಸವರಿದಳು. ಎದ್ದು ಹೋಗಿ ಅಮ್ಮನನ್ನು ಕರೆತರಬಹುದಿತ್ತು. ತರಲಿಲ್ಲ. ಒಂದು ವೇಳೆ ಇದರಿಂದಲೇ ಅವನು ಉಳಿದರೆ ಎಂಬ ಆಸೆ ಅವಳಿಗೂ ಇತ್ತು. ಅದಕ್ಕಾಗಿ ತನ್ನ ಮೇಲೂ ಅವಳಿಗೆ ಸಿಟ್ಟು ಬಂದು, ಆವತ್ತು ಇಬ್ಬರಿಗೂ ಅನ್ನ ಸೇರಲಿಲ್ಲ.

ಮೇಸ್ತ್ರಿ ಉಣ್ಣಲಿಲ್ಲ. ಅತ್ತೆ ಹೋದ ಮೇಲೆ ನೀರನ್ನೂ ಮೂಸಿ ಬಿಟ್ಟ. ಆಸ್ಪತ್ರೆಯಲ್ಲಿ ನಾಯಿ ಕಂಡರೂ ತಲೆ ಎತ್ತಲಿಲ್ಲ, ಅದನ್ನು ನೋಡಿ ಡಾಕ್ಟರಮ್ಮನ ಮುಖವೂ ಇಳಿಯಿತು. ಅವಳು ಡ್ರಿಪ್ಪಿನ ಸೂಜಿಗೆ ಪಟ್ಟಿ ಸುತ್ತುತ್ತ ಮೆಲ್ಲಗೆ, "ಆಪರೇಷನ್ ನಾನು ಮಾಡಲ್ಲ. ಮೇಜಿನ ಮೇಲೇ ಹೋಗ್ಬಿಡ್ತಾನೆ. ಇವತ್ತಿನ ಮದ್ದು ಹಾಕಿದೀನಿ, ಮನೆಗೆ ಕರ್ಕೊಂಡು ಹೋಗಿ. ಅವನಿಗೆ ಇಷ್ಟ ಆಗಿದ್ದೆಲ್ಲ ಹತ್ತಿರ ಇರಲಿ," ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡದ್ದನ್ನು ಅವಳು ಮರೆಮಾಚಲೂ ಇಲ್ಲ. ಆ ಒಂದಕ್ಕಾಗಿ ಕಂಡೆನ್ಸರಣ್ಣ ಅವಳನ್ನು ಜೀವಮಾನವಿಡೀ ನೆನೆಯುವವನಿದ್ದ.

ಮನೆಯ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಇಷ್ಟವಾದದ್ದು ಒಂದೂ ಇರಲಿಲ್ಲ. ಬೋಳು ನೆಲ, ಬೋಳು ಕಿಟಕಿ. ಬುಟ್ಟಿಯಲ್ಲಿ ಬೆಕ್ಕನ್ನು ಹಿಡಿದು ನಿಂತ ಕಂಡಕ್ಟರಮ್ಮ ಈ ಸಲ ಕೂಗಲಿಲ್ಲ. "ಹೋಗೋದಾದ್ರೆ ಅವನ ಮನೆಯಿಂದ ಹೋಗ್ಲಿ ರೀ," ಎಂದಳು. "ಇದು ಅವನ ಮನೆ ತರ ಇಲ್ಲ."

ಜಮಖಾನ ಹಾಸಿದರು. ದರ್ಜಿ, ಅವನ ಹೆಂಡತಿ ಇಬ್ಬರೂ ಹೂಕುಂಡಗಳನ್ನು ಹೊತ್ತು ತಂದರು. ಪರದೆ, ಡಿಪೋದಲ್ಲಿದ್ದ ಚರ್ಮದ ಚೀಲ, ಮುಲಾಮಿನ ಡಬ್ಬಿ, ಶಾಲು, ಎಲ್ಲವೂ ಒಟ್ಟಿಗೇ ಒಳಗೆ ಬಂದವು. ಒಂದು ಸಲಕ್ಕೆ ಒಂದೇ ಎಂಬ ಮಾತು ಯಾರಿಗೂ ನೆನಪಾಗಲಿಲ್ಲ. ಕಂಡೆನ್ಸರಣ್ಣ ನಾದಿನಿಯ ಮನೆಗೆ ಓಡಿದ.

ನಾದಿನಿಯ ಫ್ಲ್ಯಾಟಿನ ಬಾಗಿಲಲ್ಲಿ ಅತ್ತೆಯೇ ಎದುರಾದಳು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. "ತಿಂದ್ನಾ?" ಎಂದಳು.

"ಇಲ್ಲ ಅತ್ತೆ. ಇನ್ನೂ ಕೆಟ್ಟಿದೆ."

ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. "ಹಾಗಾದ್ರೆ ನನ್ನಿಂದ ಅಲ್ಲ," ಎಂದಳು. "ನನ್ನಿಂದ ಅಲ್ವಲ್ಲ ಅಳಿಯಂದ್ರೆ? ಅವನನ್ನ ತೊಡೆ ಮೇಲೆ ಹಾಕ್ಕೊಂಡು ನಾನೇ ಕೊಲ್ತಿದ್ದೆ ಅಂದ್ಕೊಂಡಿದ್ದೆ. ಇಲ್ಲಿ ಕೂತು ಅದನ್ನೇ ಯೋಚ್ನೆ ಮಾಡ್ತಿದ್ದೆ."

ಮಿಕ್ಸಿಯಿಂದ ತೆಗೆದ ಬ್ಲೇಡು ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ, ಅದು ತನ್ನ ತಪ್ಪೇನೆಂದು ಕೊರಗುವುದಿಲ್ಲ. ಇಷ್ಟು ಚಿಕ್ಕ ವಿಷಯ ಕಂಡೆನ್ಸರಣ್ಣನ ತಲೆಗೆ ಹೊಳೆದೇ ಇರಲಿಲ್ಲ. "ನಿಮ್ಮಿಂದ ಅಲ್ಲ ಅತ್ತೆ, ಖಂಡಿತ ಅಲ್ಲ," ಎನ್ನುತ್ತ ಅವನೂ ಕಣ್ಣೊರೆಸಿಕೊಂಡ. ನಾದಿನಿ ಕಾಫಿ ತಂದು ಇಬ್ಬರ ಮುಖ ನೋಡಿ, ಕಾಫಿಯನ್ನು ತಾನೇ ಕುಡಿದಳು.

ಆ ದಿನ ಮೇಸ್ತ್ರಿ ಹೋಗಲಿಲ್ಲ. ಅತ್ತೆಯ ಶಾಲಿನ ಮೇಲೆ ಮಲಗಿದ್ದ, ಅಷ್ಟೇ. ಮೂವರೂ ಸುತ್ತ ಕುಳಿತು, ನೀನು ಬಂದದ್ದು ಒಳ್ಳೆಯದಾಯಿತು ಕಣೋ, ಈ ಮನೆಗೆ ಕಳೆ ಬಂದದ್ದೇ ನಿನ್ನಿಂದ ಎಂದು ಸರದಿಯಲ್ಲಿ ಹೇಳಿದರು. ಬೀಳ್ಕೊಡಲೆಂದು ಆಡಿದ ಮಾತುಗಳು ಅವು. ಅಳು ಬಂದಾಗ ಅತ್ತರು. ಇಷ್ಟು ವರ್ಷ ಅವನು ಕೊಟ್ಟದ್ದನ್ನು ನೆನೆದಾಗ ನಗುವೂ ಬಂತು. ಕಂಡಕ್ಟರಮ್ಮ ಅವನು ಟಿಕೆಟ್ ರೋಲನ್ನು ಮನೆಯೆಲ್ಲ ಬಿಚ್ಚಿ ಹಾಕಿದ್ದನ್ನು ಹೇಳಿ, ಅಮ್ಮನ ಭುಜಕ್ಕೆ ತಲೆ ಕೊಟ್ಟು ನಕ್ಕಳು.

ಮರುದಿನ ಬೆಳಿಗ್ಗೆ ಅತ್ತೆ ಕೋಳಿ ಬೇಯಿಸಿದ ನೀರಿನಲ್ಲಿ ಬೆರಳದ್ದಿ ಅವನ ಮೂಗಿಗೆ ತಾಕಿಸಿದಳು. ಮೇಸ್ತ್ರಿ ನಾಲಿಗೆ ಹೊರಗೆ ಹಾಕಿ ಮೂಗು ನೆಕ್ಕಿಕೊಂಡ. ಅತ್ತೆ ಉಸಿರು ಬಿಗಿಹಿಡಿದು ಮತ್ತೆ ಅದ್ದಿದಳು. ಬೆರಳನ್ನೇ ನೆಕ್ಕಿದ. ಸಂಜೆಯ ಹೊತ್ತಿಗೆ ಬಟ್ಟಲಿಗೇ ಬಾಯಿ ಹಾಕಿದ. ಅದನ್ನು ನೋಡಲು ಕೆಲಸದಿಂದ ಓಡಿಬಂದ ಕಂಡಕ್ಟರಮ್ಮ ಹೊಸ್ತಿಲಲ್ಲೇ ಕುಳಿತುಬಿಟ್ಟಳು.

ಡಾಕ್ಟರಮ್ಮ ಅವನನ್ನು ತೂಗಿ ನೋಡಿ, ಮತ್ತೊಮ್ಮೆ ತೂಗಿ ನೋಡಿ, ಮುಖವೆಲ್ಲ ಹಲ್ಲಾದಳು. "ಮದ್ದು ಕೆಲಸ ಮಾಡಿರಬಹುದು. ಮನೆಗೆ ಎಲ್ಲ ವಾಪಸ್ ಬಂತಲ್ಲ, ಅದಿರಬಹುದು. ತಾನಾಗೇ ಬಂದು ತಾನಾಗೇ ಹೋಗಿರಲೂಬಹುದು," ಎಂದಳು. "ಮತ್ತೆ ಬರಲ್ಲ ಅಂತ ಮಾತ್ರ ನಾನು ಬರ್ಕೊಡಲ್ಲ. ಬಂದ್ರೆ ನೀವು ಬನ್ನಿ, ನಾನು ಇರ್ತೀನಿ."

ಮೇಸ್ತ್ರಿ ದಿನದಿಂದ ದಿನಕ್ಕೆ ಮೈ ತುಂಬಿಕೊಂಡ. ಆಗಾಗ ಇವತ್ತಿಗೂ ತಟ್ಟೆ ಮೂಸಿ ಮುಖ ತಿರುಗಿಸುತ್ತಾನೆ, ಆಗೆಲ್ಲ ಮನೆಯವರ ಜೀವ ಬಾಯಿಗೆ ಬರುತ್ತದೆ. ಆಮೇಲೆ ತಿನ್ನುತ್ತಾನೆ. ಕಂಡೆನ್ಸರಣ್ಣನಿಗೋ ಒಳಗೊಂದು ಹುಳ ಕೊರೆಯತೊಡಗಿತು. ಯಾವುದರಿಂದ? ಎಲ್ಲವನ್ನೂ ಒಟ್ಟಿಗೇ ತಂದು ಕೆಡಿಸಿದೆವಲ್ಲ. ಜಮಖಾನವೋ, ಶಾಲೋ, ಮದ್ದೋ? ತಿಳಿಯಬೇಕಾದರೆ ಒಂದೇ ದಾರಿ, ಮತ್ತೆ ಒಂದೊಂದಾಗಿ ತೆಗೆಯಬೇಕು. ಒಮ್ಮೆ ಜಮಖಾನದ ಅಂಚು ಎತ್ತಿದ್ದನ್ನು ಹೆಂಡತಿ ನೋಡಿ, "ರೀ, ಕೈ ಕೆಳಗೆ," ಎಂದಳು. ಬಸ್ಸಿನಲ್ಲಿ ಜೇಬುಗಳ್ಳರಿಗೆ ಹೇಳುವ ದನಿಯಲ್ಲಿ.

ಕೈ ಕೆಳಗೆ ಬಿಟ್ಟ. ಬಿಟ್ಟ ಮೇಲೆ ಇನ್ನೊಂದು ತೊಡಕು ಎದ್ದಿತು. ಇಂಥವರಿಂದ ಎಂದು ಗೊತ್ತಿದ್ದರೆ ಒಬ್ಬರಿಗೆ ಕೈ ಮುಗಿದು ಮುಗಿಸಬಹುದಿತ್ತು. ಗೊತ್ತಿಲ್ಲದಿದ್ದರೆ ಯಾರನ್ನು ಬಿಡುವುದು? ಹಾಗಾಗಿ ಕಂಡೆನ್ಸರಣ್ಣ ಒಬ್ಬರನ್ನೂ ಬಿಡಲಿಲ್ಲ. ಡಾಕ್ಟರಮ್ಮನ ಟೇಬಲ್ ಫ್ಯಾನನ್ನು ಕೇಳದೆಯೇ ಎತ್ತಿಕೊಂಡು ಬಂದು ಸದ್ದಿಲ್ಲದಂತೆ ಮಾಡಿಕೊಟ್ಟ. ದರ್ಜಿಗೆ ಥ್ಯಾಂಕ್ಸ್ ಹೇಳಿದ. ನಲ್ಲಿಯವನಿಗೂ ಹೇಳಿದ. ಅವನು "ಬ್ಲಾಕ್ ಅಂತ ನಾನು ಹೇಳಿರ್ಲಿಲ್ವಾ!" ಎಂದು ಎದೆ ಉಬ್ಬಿಸಿದರೆ, "ಅದೇ ಇರ್ಬೇಕು ಕಣಯ್ಯ," ಎಂದು ಮನಸಾರೆ ಒಪ್ಪಿದ. ಕನ್ನಡಕದವನಿಗೂ, ಅವನ ಟಾರ್ಚಿಗೂ ಹೇಳಿದ. ಹೆಂಡತಿಗೆ ಹೇಳಲು ಹೋದಾಗ ಅವಳು "ಚಿಲ್ಲರೆ ಇಲ್ಲ, ಮುಂದೆ ಹೋಗಿ" ಎಂದಳಾದರೂ ಆ ಸಂಜೆ ಅವಳ ದನಿ ಇಳಿದೇ ಇತ್ತು.

ಉಳಿದವಳು ಅತ್ತೆ. ಕಿಟಕಿಯ ಪಕ್ಕ ಕುಳಿತು ಬಟಾಣಿ ಸುಲಿಯುತ್ತಿದ್ದಳು, ಮೇಸ್ತ್ರಿ ಮಡಿಲಲ್ಲಿ ಗೊರಗುಟ್ಟುತ್ತಿದ್ದ. ಕಂಡೆನ್ಸರಣ್ಣ ಬಂದು ನಿಂತ.

"ಏನು ಅಳಿಯಂದ್ರೆ, ಮತ್ತೆ ನೋಡ್ಬೇಕಾ?" ಎಂದಳು ಅತ್ತೆ, ತಲೆಯೆತ್ತದೆ. "ಗೊತ್ತಾಗದೆ ನಿಮಗೆ ಕೂತಲ್ಲಿ ಕೂರೋಕಾಗ್ತಿಲ್ಲ, ನಾನು ನೋಡ್ತಾನೇ ಇದೀನಿ. ಬೇಕಿದ್ರೆ ಹೋಗಿ ಬರ್ತೀನಿ. ಈ ಸಲ ಬೇಜಾರಿಲ್ಲ, ನಿಜವಾಗ್ಲೂ."

ಅವಳು ಅಣಕಿಸುತ್ತಿರಲಿಲ್ಲ. ಹೋಗು ಎಂದರೆ ಹೋಗುವವಳೇ. ಅದು ತಿಳಿದು ಕಂಡೆನ್ಸರಣ್ಣ ಅವಳ ಎದುರು ನೆಲದ ಮೇಲೆ ಕುಳಿತ.

"ಬೇಡ ಅತ್ತೆ. ಗೊತ್ತಾಗೋದೇ ಬೇಡ," ಎಂದ. "ನಿಮ್ಮಿಂದ್ಲೇ ಅವನು ಉಳಿದಿದ್ದು ಅಂತಾದ್ರೆ ಸರಿ. ಅಲ್ಲ ಅಂತಾದ್ರೂ ನೀವು ಇಲ್ಲೇ ಇರ್ಬೇಕು. ಅವನಿಗೋಸ್ಕರ ಅಲ್ಲ, ನಮಗೋಸ್ಕರ."

ಅತ್ತೆ ಕೈಯಲ್ಲಿದ್ದ ಬಟಾಣಿಯ ಸಿಪ್ಪೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೇಸ್ತ್ರಿಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅಳಿಯನ ಮಡಿಲಿಗೆ ತಾನೇ ಹಾಕಿದಳು.

"ಸ್ವಲ್ಪ ಹಿಡ್ಕೊಳ್ಳಿ," ಎಂದಳು. "ನಾನು ಮುಖ ತೊಳ್ಕೊಂಡು ಬರ್ತೀನಿ."